ಕಾಮಾಲೆ ಇಲ್ಲದ ಅಪೀಲು

ಮೊನ್ನೆ ಬೆಳಿಗ್ಗೆ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಕಬ್ಬಿಣದ ಕುರ್ಚಿಯ ಮೇಲೆ ಸರದಿ ಕಾಯುತ್ತಾ ಕುಳಿತಿದ್ದೆ. ಪಕ್ಕದಲ್ಲಿ ನಮ್ಮ ಯಜಮಾನರು. ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದ ನರ್ಸಮ್ಮ ಒಂದಾದ ಮೇಲೊಂದು ಪ್ರಶ್ನೆ ಕೇಳಿ ಗುರುತು ಹಾಕಿಕೊಳ್ಳುತ್ತಿದ್ದಳು. ಬಿ.ಪಿ. ಐತಾ, ಶುಗರ್ ಐತಾ, ಹಿಂದೆ ಆಪರೇಷನ್ ಏನಾರ ಆಗೈತಾ. ನಾನು ಒಳ್ಳೆಯ ಸಾಕ್ಷಿಯ ಹಾಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ. ಆಮೇಲೆ ಅವಳು, “ಯಾವಾಗಾದ್ರೂ ಕಾಮಾಲೆ ಬಂದಿತ್ತಾ ಆಂಟಿ?” ಎಂದಳು. ನನಗೆ ನಗು ತಡೆಯಲಾಗಲಿಲ್ಲ.

“ನನಗೆ ಬಂದಿಲ್ಲಮ್ಮ. ಆದರೆ ನೂರಾರು ಜನಕ್ಕೆ ನಾನೇ ಬರಿಸಿದೀನಿ,” ಎಂದೆ.

ಅವಳು ಗಾಬರಿಯಾಗಿ ಯಜಮಾನರ ಮುಖ ನೋಡಿದಳು. ಅವರು ಮೂವತ್ತು ವರ್ಷದಿಂದ ನನ್ನ ಇಂಥ ಮಾತುಗಳನ್ನು ತಿದ್ದಿಕೊಂಡು ಬಂದ ಮೇಷ್ಟ್ರು. “ಬಂದಿಲ್ಲ ಅಂತ ಬರ್ಕಳಮ್ಮ,” ಎಂದು ಮಾತು ಮುಗಿಸಿದರು.

ನಿಮ್ಮ ಮುಂದಾದರೂ ಬಿಡಿಸಿ ಹೇಳಬೇಕು. ನಾನು ಬಹಳ ವರ್ಷ ದುರ್ಗದಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತೆಯಾಗಿದ್ದೆ. ನಮ್ಮ ವಕೀಲರು ಹೆಚ್ಚಾಗಿ ನಡೆಸುತ್ತಿದ್ದುದು ಅಪೀಲು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕೋರ್ಟುಗಳಲ್ಲಿ ಸೋತವರು ತೀರ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ, ಜಿಲ್ಲಾ ಕೋರ್ಟಿಗೆ ಬರುತ್ತಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ಆ ಗಾದೆಗೆ ನಮ್ಮ ಆಫೀಸಿನಲ್ಲಿ ಇನ್ನೊಂದು ತುಂಡು ಸೇರಿಸಿದ್ದೆವು: ಸತ್ತವನು ಅಪೀಲಿಗೆ ಬಂದ.

ಸೇರಿಸಿದವರು ತಿಪ್ಪೇಸ್ವಾಮಣ್ಣ, ನನಗಿಂತ ಹಿರಿಯ ಗುಮಾಸ್ತರು. ದಿನಾ ಮದಕರಿಪುರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಬಿಸಿಲಿಗೆ ತಲೆಯ ಮೇಲೆ ಒದ್ದೆ ಟವೆಲ್ಲು, ಕಿವಿಯ ಸಂದಿಯಲ್ಲಿ ಪೆನ್ನು. ಯಾವ ಕೇಸು ಯಾವ ವಾಯಿದೆಗೆ ನಿಂತಿದೆ ಎಂದು ಡೈರಿ ನೋಡದೆ ಹೇಳುವವರು. ಹೆಂಡತಿ ತರಲು ಹೇಳಿದ ಸಾಮಾನು ಮಾತ್ರ ಒಂದು ದಿನವೂ ನೆನಪಿರುತ್ತಿರಲಿಲ್ಲ. ನನ್ನನ್ನು ‘ತಂಗಿ’ ಎನ್ನುತ್ತಿದ್ದರು. ಕಕ್ಷಿದಾರರೆಲ್ಲ ನನ್ನನ್ನು ‘ಗುಮಾಸ್ತಮ್ಮ’ ಎಂದು ಕರೆಯುವಂತೆ ಮಾಡಿದವರೂ ಅವರೇ. ಆ ಹೆಸರು ಕೇಳಿದರೆ ನಮ್ಮತ್ತೆಯವರಿಗೆ ಆಗುತ್ತಿರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ.

ಕಾಮಾಲೆಯ ಸಂಗತಿ ಹೀಗೆ. ಜಿಲ್ಲಾ ಕೋರ್ಟಿಗೆ ಅಪೀಲು ಹೋಗಬೇಕಾದರೆ ಮೂವತ್ತು ದಿನದ ಗಡುವು. ಗಡುವು ದಾಟಿದರೆ ಯಾಕೆ ದಾಟಿತು ಎಂದು ಕಾರಣ ಹೇಳಿ, ತಡವನ್ನು ಮನ್ನಾ ಮಾಡಬೇಕೆಂದು ಅರ್ಜಿ ಹಾಕಬೇಕು. ಜೊತೆಗೆ, ಇದು ನಿಜ ಎಂದು ಪ್ರಮಾಣ ಮಾಡಿದ ಅಫಿಡವಿಟ್ಟು. ಜನ ತಡವಾಗಿ ಬರುವುದಕ್ಕೆ ಸಾವಿರ ಕಾರಣ. ಮರೆತಿರುತ್ತಾರೆ, ಅಣ್ಣತಮ್ಮಂದಿರು ರಾಜಿಯಾಗೋಣ ಎಂದು ಎಳೆದಾಡಿರುತ್ತಾರೆ, ದೇವರ ಹತ್ತಿರ ಹೂವು ಕೇಳಲು ಹೋಗಿ ಅದು ಬಲಗಡೆ ಬೀಳಲಿ ಎಂದು ಕಾದಿರುತ್ತಾರೆ. ಅದನ್ನೆಲ್ಲ ಕೋರ್ಟಿಗೆ ಹೇಳುವುದು ಹೇಗೆ? ಹಾಗಾಗಿ ನಮ್ಮ ಕಡೆಯ ಕಕ್ಷಿದಾರರಿಗೆಲ್ಲ ಒಂದೇ ರೋಗ ಬರುತ್ತಿತ್ತು.

ಬೇರೆ ರೋಗ ಯಾಕೆ ಬೇಡ ಎಂದು ತಿಪ್ಪೇಸ್ವಾಮಣ್ಣ ನನಗೆ ಪಾಠ ಮಾಡಿದ್ದರು. “ಟೈಫಾಯ್ಡ್ ಅಂದ್ರೆ ಡಾಕ್ಟರ ಸರ್ಟಿಫಿಕೇಟ್ ಕೇಳ್ತಾರೆ. ಕಾಲು ಮುರೀತು ಅಂದ್ರೆ ಪಾರ್ಟಿ ಕೋರ್ಟಲ್ಲಿ ಕುಂಟಬೇಕಾಗ್ತೈತೆ, ನಮ್ ಜನ ಕುಂಟೋದು ಮರ್ತುಬಿಡ್ತಾರೆ. ಅವ್ವ ಸತ್ಲು ಅಂತ ಒಂದೇ ಸಲ ಹೇಳಾಕೆ ಬರೋದು. ಕಾಮಾಲೆ ನೋಡು ತಂಗಿ, ನಾಟಿ ಔಷಧಿ, ತಿಂಗಳುಗಟ್ಲೆ ಪಥ್ಯ, ವಾಸಿಯಾದ್ ಮ್ಯಾಲೆ ಗುರ್ತೂ ಉಳಿಯಲ್ಲ. ದೇವ್ರು ಅದನ್ನ ಅಪೀಲಿಗೆ ಅಂತ್ಲೇ ಮಾಡೈತೆ.”

ಆಫೀಸಿಗೆ ಕಂಪ್ಯೂಟರ್ ಬಂದ ಮೇಲಂತೂ ರೋಗ ಬರಿಸುವುದು ಇನ್ನೂ ಸಲೀಸಾಯಿತು. ಅಫಿಡವಿಟ್ಟಿನ ಒಕ್ಕಣೆಯನ್ನು ಒಂದು ಸಲ ಹೊಡೆದು ‘ಕಾಮಾಲೆ’ ಎಂಬ ಹೆಸರಿನಲ್ಲೇ ಉಳಿಸಿಟ್ಟಿದ್ದೆ. ಹೆಸರು, ಊರು, ತಡವಾದ ದಿನ ಬದಲಾಯಿಸಿದರೆ ಆಯಿತು. “ತಂಗಿ, ಕಾಮಾಲೆ ತಗಿ,” ಎಂದು ಅವರು ಹೇಳಿದರೆ ನಾನು ತೆಗೆಯುತ್ತಿದ್ದೆ. ಐಮಂಗಲದ ಕಡೆಯ ಒಬ್ಬ ಕಕ್ಷಿದಾರನಿಗೆ ಮೂರು ಅಪೀಲಿನಲ್ಲಿ ಮೂರು ಸಲ ಕಾಮಾಲೆ ಬರಿಸಿದ್ದೆವು. ಆಸಾಮಿ ಗುಂಡುಕಲ್ಲಿನ ಹಾಗಿದ್ದ. ಹೆದ್ದಾರಿಯ ಹೋಟೆಲಿನಲ್ಲಿ ತಿಂದ ಇಡ್ಲಿಯ ಲೆಕ್ಕ ಹೇಳುತ್ತಲೇ ಸಹಿ ಹಾಕಿಹೋಗುತ್ತಿದ್ದ. ನಾವು ಇಬ್ಬರೂ ಬಾಗಿಲು ಮುಂದೆ ಮಾಡಿಕೊಂಡು ನಗುತ್ತಿದ್ದೆವು.

ಹೀಗೆ ನಗುತ್ತಿದ್ದ ಕಾಲದಲ್ಲೇ ಕರಿಯಮ್ಮನ ಕೇಸು ಬಂತು.

ಕರಿಯಮ್ಮ ಹೊಸದುರ್ಗ ತಾಲ್ಲೂಕು ಶ್ರೀರಾಂಪುರದಿಂದ ಆಚೆ ಒಂದು ಹಟ್ಟಿಯವಳು. ಕುರಿ ಸಾಕಿಕೊಂಡು, ಒಂದಿಷ್ಟು ಹೊಲ ಮಾಡಿಕೊಂಡಿದ್ದ ಸಂಸಾರ. ಗಂಡ ತೀರಿಕೊಂಡಿದ್ದ. ಮನೆಯ ಪಕ್ಕದಲ್ಲಿ ಕುರಿ ರೊಪ್ಪ, ಅಂದರೆ ಸುತ್ತ ಬೇಲಿ ಕಟ್ಟಿ ಕುರಿ ಕೂಡುವ ಜಾಗ. ಆ ರೊಪ್ಪದ ಜಾಗ ತನ್ನ ಭಾಗಕ್ಕೆ ಬಂದದ್ದು ಎಂದು ಮೈದುನ ಹೊಸದುರ್ಗ ಕೋರ್ಟಿನಲ್ಲಿ ದಾವಾ ಹೂಡಿ ಗೆದ್ದಿದ್ದ. ಅಪೀಲು ಇಲ್ಲದಿದ್ದರೆ ಅವನು ಕೋರ್ಟಿನ ಅಮೀನನನ್ನು ಕರೆತಂದು ಜಾಗ ಬಿಡಿಸಿಕೊಳ್ಳುವುದೊಂದೇ ಬಾಕಿ. “ಕುರಿ ಎಲ್ಲಿ ಕೂಡ್ಲವ್ವ? ತಲೆ ಮ್ಯಾಲೆ ಹೊತ್ಕಂಡು ತಿರುಗ್ಲಾ?” ಎಂದು ಮೊದಲ ದಿನವೇ ನನ್ನನ್ನು ಕೇಳಿದ್ದಳು. ಐವತ್ತರ ಮೇಲಿನ ವಯಸ್ಸು. ಕುರ್ಚಿ ತೋರಿಸಿದರೂ ನೆಲದ ಮೇಲೆಯೇ ಕುಳಿತುಕೊಳ್ಳುತ್ತಿದ್ದಳು, ಆದರೆ ಮಾತು ಮಾತ್ರ ನಮ್ಮ ವಕೀಲ ಸಾಹೇಬರ ಕಣ್ಣಿನಲ್ಲಿ ಕಣ್ಣಿಟ್ಟೇ ಆಡುತ್ತಿದ್ದಳು.

ಅಪೀಲಿಗೆ ಮೊದಲು ಬೇಕಾದದ್ದು ಕೆಳಗಿನ ಕೋರ್ಟಿನ ತೀರ್ಪಿನ ಕಾಪಿ. ಅದಕ್ಕೆ ಅರ್ಜಿ ಕೊಟ್ಟಾಗಿತ್ತು. ಸೋಮವಾರ ಸಿದ್ಧವಾಗಿರುತ್ತದೆ ಎಂದು ಅಲ್ಲಿನವರು ತಿಳಿಸಿದ್ದರು. ತರಲು ಹೊರಟವಳು ನಾನು. ಇಲ್ಲಿ ನಮ್ಮ ಜಿಲ್ಲೆಯ ರಸ್ತೆಯದೂ ಒಂದು ತಪ್ಪಿದೆ ಎಂದು ನನ್ನ ವಾದ. ದುರ್ಗದಿಂದ ಹೊಸದುರ್ಗಕ್ಕೆ ಹೋಗುವ ಬಸ್ಸು ಹೊಳಲ್ಕೆರೆಯಲ್ಲಿ ನಿಲ್ಲುತ್ತದೆ. ಹೊಳಲ್ಕೆರೆ ನನ್ನ ತವರು.

ಆ ದಿನಗಳಲ್ಲಿ ನಾನು ಬೆಳಿಗ್ಗೆ ಐದಕ್ಕೆ ಎದ್ದು ಎಂಟು ಜನರಿಗೆ ರೊಟ್ಟಿ ತಟ್ಟಿ ಆಫೀಸಿಗೆ ಓಡುತ್ತಿದ್ದೆ. ಸಂಜೆ ಬಂದು ಮತ್ತೆ ಒಲೆಯ ಮುಂದೆ. ಅತ್ತೆಯವರು ಕೆಟ್ಟವರಲ್ಲ, ಆದರೆ ಕೂತ ಸೊಸೆಯನ್ನು ಕಂಡರೆ ಅವರಿಗೆ ಏನೋ ಮರೆತಂತಾಗುತ್ತಿತ್ತು. ಬಸ್ಸು ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ನಿಂತಾಗ ಕಂಡಕ್ಟರ್ “ಯಾರ್ರೀ ಹೊಳಲ್ಕೆರೆ, ಇಳೀರಿ” ಎಂದ. ನನ್ನ ಚೀಟಿ ಹೊಸದುರ್ಗದ್ದು. ಕಾಲು ಮಾತ್ರ ಇಳಿದವು. ಅವ್ವನ ಮುಖ ನೋಡಿಕೊಂಡು ಮುಂದಿನ ಬಸ್ಸಿಗೆ ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಅವ್ವ ಬಾಗಿಲಲ್ಲಿ ನನ್ನನ್ನು ಕಂಡು ಯಾಕೆ ಬಂದೆ ಎಂದು ಕೇಳಲಿಲ್ಲ. “ಎಷ್ಟು ಸಣ್ಣಗಾಗಿದೀಯಲ್ಲೇ,” ಎಂದಳು. ಕಡಲೆಬೇಳೆ ಬೇಯಲು ಇಟ್ಟಳು. ಹೋಳಿಗೆ ಉಂಡು, ನಡುಮನೆಯ ತಣ್ಣನೆಯ ನೆಲದ ಮೇಲೆ ಒಂದು ಗಳಿಗೆ ಅಡ್ಡಾದೆ. ಎದ್ದಾಗ ದೀಪ ಹಚ್ಚಿದ್ದರು. ಪಕ್ಕದ ಮನೆಯ ಫೋನಿನಿಂದ ಆಫೀಸಿಗೆ ಮಾಡಿ, “ಕಾಪಿ ಇನ್ನೂ ಸಿದ್ಧವಾಗಿಲ್ಲವಂತೆ, ಗುರುವಾರ ಕೊಡ್ತಾರಂತೆ. ಇಲ್ಲೇ ಅವ್ವನ ಮನೆಯಲ್ಲಿದ್ದು ತಗೊಂಡೇ ಬರ್ತೀನಿ,” ಎಂದೆ. ಯಜಮಾನರಿಗೂ ಅದನ್ನೇ ಹೇಳಿದೆ. ಮಂಗಳವಾರ ಮಲಗಿದೆ. ಬುಧವಾರ ಅವ್ವ ತಲೆಗೆ ಎಣ್ಣೆ ಹಾಕಿದಳು, ಎರೆದುಕೊಂಡು ಮತ್ತೆ ಮಲಗಿದೆ. ಗುರುವಾರ ಹೊಸದುರ್ಗಕ್ಕೆ ಹೋಗಿ, ಸೋಮವಾರದಿಂದ ನನಗಾಗಿ ಕಾಯುತ್ತಿದ್ದ ಕಾಪಿಯನ್ನು ಹಿಡಿದುಕೊಂಡು ದುರ್ಗಕ್ಕೆ ಬಂದೆ.

ಕಾಪಿ ತಯಾರಿಸಲು ಕೋರ್ಟಿಗೆ ಹಿಡಿದ ದಿನಗಳನ್ನು ಗಡುವಿನಲ್ಲಿ ಎಣಿಸುವುದಿಲ್ಲ. ಆದರೆ ಸಿದ್ಧವಾದ ಮೇಲೂ ನೀವು ಹೋಗಿ ತರದೆ ಬಿಟ್ಟ ದಿನಗಳು ನಿಮ್ಮ ತಲೆಗೇ. ಕಾಪಿಯ ಬೆನ್ನಿಗೆ ಒಂದು ಮೊಹರು ಒತ್ತಿ, ಸಿದ್ಧವಾದ ದಿನ ಒಂದು, ಪಡೆದ ದಿನ ಒಂದು, ಎರಡನ್ನೂ ಬರೆದಿರುತ್ತಾರೆ. ಇದು ಗುಮಾಸ್ತರ ಬಾಲಪಾಠ. ಗಡುವಿನ ಕೊನೆಯ ದಿನವನ್ನು ಡೈರಿಯಲ್ಲಿ ಗುರುತು ಹಾಕುವವಳು ನಾನೇ. ಕಾಗದ ತಿರುಗಿಸಿ ನೋಡಲಿಲ್ಲ. ಗುರುವಾರ ಸಿದ್ಧವಾಯಿತು ಎಂದು ಎಲ್ಲರಿಗೂ ಹೇಳಿ ಹೇಳಿ ಗುರುವಾರದಿಂದಲೇ ಎಣಿಸಿಬಿಟ್ಟೆ. ಬೇರೆಯವರಿಗೆ ಹೇಳಿದ ಸುಳ್ಳನ್ನು ಕೊನೆಗೆ ತಾನೇ ನಂಬಿದವಳು ನಾನೊಬ್ಬಳೇ ಇರಬೇಕು.

ಕರಿಯಮ್ಮ ಗಡುವಿಗೆ ಮೊದಲೇ ಎರಡು ಸಲ ಬಂದಿದ್ದಳು. “ಹೆಬ್ಬೆಟ್ಟು ಒತ್ತಿಬಿಡ್ಲಾ?” ಎಂದು ಕೇಳಿದ್ದಳು. “ಇನ್ನೂ ದಿನ ಐತೆ, ಹೋಗಿ ಬಾರಮ್ಮ,” ಎಂದು ಕಳಿಸಿದವಳು ನಾನು. ನಮ್ಮಲ್ಲಿ ಎಲ್ಲ ಅಪೀಲಿಗೂ ಕೊನೆಯ ದಿನವೇ ಮುಹೂರ್ತ. ಹಾಗೆ ನಾನು ಎಣಿಸಿದ ಕೊನೆಯ ದಿನ ಅಪೀಲು ಹಾಕಿದೆವು. ಮಾರನೆಯ ದಿನ ಕೋರ್ಟಿನ ಕಚೇರಿಯಿಂದ ಕಾಗದ ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಮೂರು ದಿನ ತಡ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಅವರು ಬೈಯುವವರಲ್ಲ. ಹೀಗೆ ನೋಡುವುದಕ್ಕಿಂತ ಬೈದರೇ ವಾಸಿ ಅನ್ನಿಸುತ್ತಿತ್ತು. “ಪಾರ್ಟಿ ತಡವಾಗಿ ಬಂದಿರಬೇಕು. ಎಂದಿನಂತೆ ಒಂದು ಅರ್ಜಿ ಹಾಕ್ರಿ,” ಎಂದರು. ಆಗಲೇ ಬಾಯಿ ಬಿಡಬೇಕಿತ್ತು. ನಾನು ಕಾಗದ ತಿರುಗಿಸಿ ಆ ಮೊಹರು ನೋಡಿಯಾಗಿತ್ತು. ‘ಆಯ್ತು ಸಾರ್’ ಎಂದು ಹೊರಗೆ ಬಂದೆ.

“ತಂಗಿ, ಕಾಮಾಲೆ ತಗಿ,” ಎಂದರು ತಿಪ್ಪೇಸ್ವಾಮಣ್ಣ.

ಓದು ಬಾರದವರು ಹೆಬ್ಬೆಟ್ಟು ಒತ್ತುವ ಮೊದಲು ಅಫಿಡವಿಟ್ಟನ್ನು ಅವರಿಗೆ ಓದಿ ಹೇಳಬೇಕು. ಎಷ್ಟೋ ಕಡೆ ಇದು ಬಾಯಿಮಾತಿನಲ್ಲೇ ಉಳಿಯುತ್ತದೆ. ತಿಪ್ಪೇಸ್ವಾಮಣ್ಣ ಮಾತ್ರ ತಪ್ಪದೆ ಓದುತ್ತಿದ್ದರು. ಅವರಿಗೆ ತಮ್ಮ ಒಕ್ಕಣೆಯ ಮೇಲೆ ಅಷ್ಟು ಪ್ರೀತಿ. ಹೇಳಿಕಳಿಸಿದ್ದಕ್ಕೆ ಬಂದಿದ್ದ ಕರಿಯಮ್ಮ ನೆಲದ ಮೇಲೆ ಕುಳಿತು ಎಡಗೈ ಹೆಬ್ಬೆರಳಿಗೆ ಶಾಯಿ ಬಳಿಸಿಕೊಂಡು ಸಿದ್ಧವಾಗಿದ್ದಳು. ಅವರು ರಾಗವಾಗಿ ಓದಿದರು: “ನಾನು ಸದರಿ ಅವಧಿಯಲ್ಲಿ ಕಾಮಾಲೆ ರೋಗದಿಂದ ನರಳುತ್ತಿದ್ದು, ನಾಟಿ ಔಷಧಿ ಪಡೆದು ಹಾಸಿಗೆ ಹಿಡಿದಿದ್ದರಿಂದ...”

“ನಿಲ್ಸ್ರಿ,” ಎಂದಳು ಕರಿಯಮ್ಮ. “ಯಾರಿಗೆ ಕಾಮಾಲೆ?”

“ನಿನಗೇ ಕಣಮ್ಮ. ಸುಮ್ನೆ ಬರೆಯೋದು. ತಡ ಆಗೈತಲ್ಲ, ಅದಕ್ಕೆ.”

“ನನಿಗೆ ಬಂದಿಲ್ಲ.”

“ಬಂದಿಲ್ಲ ಅಂತ ಗೊತ್ತಮ್ಮ. ಎಲ್ರಿಗೂ ಹಿಂಗೇ ಬರೆಯೋದು.”

ಅವಳು ಬೆರಳನ್ನು ಮಡಚಿಕೊಂಡುಬಿಟ್ಟಳು. “ನಮ್ಮನೆಯೋರನ್ನ ತಗಂಡೋಗಿದ್ದೇ ಅದು ಸ್ವಾಮಿ. ಕಣ್ಣು ಅರಿಶಿನ ಆಗಿ, ಮೈ ಅರಿಶಿನ ಆಗಿ, ಹನ್ನೆಲ್ಡು ದಿನ ಇದ್ರು. ನಾನೇ ಮಗ್ಗಲಾಗೆ ಕುಂತು ನೋಡೀನಿ. ಅದರ ಹೆಸರಿಗೆ ನಾನು ಬೆಟ್ಟು ಒತ್ತಲ್ಲ.”

ನಾವಿಬ್ಬರೂ ಅಷ್ಟು ವರ್ಷ ನಕ್ಕ ನಗುವೆಲ್ಲ ಒಮ್ಮೆಗೇ ನೆನಪಿಗೆ ಬಂತು. ತಿಪ್ಪೇಸ್ವಾಮಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ, ಪಾಪ, ಅವರಿಗೆ ಗೊತ್ತಿದ್ದ ಸಮಾಧಾನ ಅದೊಂದೇ, “ಹಂಗಾದ್ರೆ ಟೈಫಾಯ್ಡ್ ಹಾಕಾಣಮ್ಮ?” ಎಂದು ಮೆಲ್ಲಗೆ ಕೇಳಿದರು.

“ಯಾವ್ದೂ ಬ್ಯಾಡ. ನಾನು ತಡ ಮಾಡೇ ಇಲ್ವಲ್ಲ, ಮತ್ಯಾಕೆ ನನಿಗೆ ರೋಗ? ಎಲ್ಡು ಸಲ ಬಂದೆ. ಈ ಗುಮಾಸ್ತಮ್ಮನ್ನೇ ಕೇಳ್ರಿ.”

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹೇಳಿಬಿಟ್ಟೆ. ಬಸ್ಸು, ಹೊಳಲ್ಕೆರೆ, ಅವ್ವ, ಫೋನು, ಸುಳ್ಳು, ಎಲ್ಲ. ಹೇಳುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಬರೀ ನಾಚಿಕೆ.

ಕರಿಯಮ್ಮ ಕರಗಿಹೋದಳು ಎಂದು ನೀವು ತಿಳಿದರೆ ತಪ್ಪು. ಎದ್ದು ನಿಂತಳು. “ನೀನು ಹೋಳಿಗೆ ಉಂಡು ಮಲಿಕ್ಕಂಬಾಕೆ ನನ್ನ ರೊಪ್ಪನೇ ಬೇಕಿತ್ತಾ? ನಾಳೆ ಅದು ಹೋದ್ರೆ ನಿಮ್ಮವ್ವ ಕೊಡ್ತಾಳಾ ಜಾಗ? ಕುರಿ ಹೊಡ್ಕಂಡು ನಿಮ್ಮವ್ವನ ಮನೆ ಬಾಗಿಲಿಗೇ ಬರ್ತೀನಿ ನೋಡು!” ಇನ್ನೂ ಏನೇನೋ ಅಂದಳು. ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಬಾಗಿಲ ಹತ್ತಿರ ಹೋಗಿ ಎಲೆ ಅಡಿಕೆ ಉಗಿದು ಬಂದು, ಮತ್ತೆ ಅದೇ ಜಾಗದಲ್ಲಿ ಕುಳಿತಳು.

“ಈಗೇನು ಮಾಡಾದು?” ಎಂದಳು.

ನಾನು ಕಂಪ್ಯೂಟರಿನ ಕಡೆ ನೋಡಿದೆ.

“ಆಗಿದ್ದು ಇಂಗೆ ಅಂತ ಬರೆಯಾಕೆ ಏನು ಕಷ್ಟ? ಅದ್ನೇ ಬರಿಯವ್ವ. ಅದಕ್ಯಾಕೆ ಸತ್ತೋರ ರೋಗ ತರ್ತೀರಿ?”

ಒಳಗೆ ಹೋಗಿ ಸಾಹೇಬರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನ್ನ ಕಡತ ಒಂದೂ ತಡವಾಗಿಲ್ಲ ಅಂತ ಬಾರ್ ಅಸೋಸಿಯೇಷನ್ನಿನಲ್ಲಿ ಹೇಳ್ಕೊಂಡು ತಿರುಗ್ತಿದ್ದೆ. ಕಾಮಾಲೆ ಬಂದಿದ್ದೆಲ್ಲ ಪಾರ್ಟಿಗಳಿಗೆ, ನನಗಲ್ಲವಲ್ಲ,” ಎಂದು ತಮಗೆ ತಾವೇ ಎಂಬಂತೆ ಹೇಳಿ, ಆಮೇಲೆ ನನ್ನನ್ನು ನೋಡಿದರು. “ಅಫಿಡವಿಟ್ಟು ನಿಮ್ಮ ಹೆಸರಿನಲ್ಲಿ. ನೀವೇ ಬರೀರಿ. ನಾನು ತಿದ್ದಲ್ಲ. ಅರ್ಜಿ ವಜಾ ಆಗಿ ಆ ಹೆಂಗಸಿನ ಜಾಗ ಹೋದ್ರೆ ಮಾರನೇ ದಿನದಿಂದ ನೀವು ಬರಬೇಡಿ.”

ಸಾವಿರಾರು ಪುಟ ಹೊಡೆದ ಬೆರಳುಗಳು ಆ ಒಂದು ಪುಟಕ್ಕೆ ಒದ್ದಾಡಿದ್ದನ್ನು ನೀವು ನೋಡಬೇಕಿತ್ತು. ಕೋರ್ಟಿನ ಕನ್ನಡ ಬೇರೆಯವರ ಸಂಕಟಕ್ಕೆ ಚೆನ್ನಾಗಿ ಒಗ್ಗುತ್ತದೆ, ನಮ್ಮದಕ್ಕೆ ಒಗ್ಗುವುದಿಲ್ಲ. ‘ಮಾರ್ಗಮಧ್ಯೆ ಹೊಳಲ್ಕೆರೆಯಲ್ಲಿ ನನ್ನ ತವರು ಮನೆ ಇದ್ದು, ನಾನು ಸದರಿ ತವರು ಮನೆಯಲ್ಲಿ ಇಳಿದಿರುತ್ತೇನೆ’ ಎಂದು ಬರೆದೆ. ತಿಪ್ಪೇಸ್ವಾಮಣ್ಣ ಹಿಂದೆ ನಿಂತು ಓದಿ, “ಸದರಿ ಹೋಳಿಗೇನೂ ಹಾಕ್ತೀಯೇನು?” ಎಂದರು. ಅದನ್ನು ಬಿಟ್ಟೆ. ‘ಕಾಪಿ ಸಿದ್ಧವಾಗಿಲ್ಲವೆಂದು ನಾನು ಕಚೇರಿಗೆ ಸುಳ್ಳು ತಿಳಿಸಿರುತ್ತೇನೆ. ಅಪೀಲುದಾರಳು ಗಡುವಿಗೆ ಮೊದಲೇ ಎರಡು ಬಾರಿ ಬಂದಿದ್ದು, ಅವಳದು ಯಾವ ತಪ್ಪೂ ಇರುವುದಿಲ್ಲ’ ಎಂಬ ಸಾಲುಗಳನ್ನು ಬಿಡಲಿಲ್ಲ. ಅಂದು ಸಂಜೆ ಯಜಮಾನರಿಗೆ ಒಂದು ಪ್ರತಿ ಓದಲು ಕೊಟ್ಟೆ. ಸುಳ್ಳು ಹೇಳಿದ್ದು ಅವರಿಗೂ ತಾನೆ. ಅವರು ಓದಿ ಎರಡು ಕಾಗುಣಿತ ತಿದ್ದಿ ವಾಪಸು ಕೊಟ್ಟರು. ಮಾರನೆಯ ದಿನದಿಂದ ಬೆಳಗಿನ ರೊಟ್ಟಿಯ ಹಿಟ್ಟು ಅವರು ಕಲಸತೊಡಗಿದರು. ಅತ್ತೆಯವರು ಎಂಟು ದಿನ ಮಾತಾಡಲಿಲ್ಲ.

ಎದುರು ಕಡೆಗೆ ನೋಟೀಸು ಹೋಗಿ, ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಎರಡು ತಿಂಗಳು. ತಡ ಮನ್ನಾ ಆಗದೆ ತಡೆಯಾಜ್ಞೆ ಇಲ್ಲ. ಅಮೀನ ಯಾವತ್ತು ಹಟ್ಟಿಗೆ ಹೋಗುತ್ತಾನೋ ಎಂದು ಕರಿಯಮ್ಮ ಅಲ್ಲಿ, ನಾನಿಲ್ಲಿ. ಕುರಿ ಕಂಡರೆ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದೆ. ದುರ್ಗದ ರಸ್ತೆಯಲ್ಲಿ ಕುರಿ ಹಿಂಡಿಗೆ ಬರವೇ?

ವಿಚಾರಣೆಯ ದಿನ ಕರಿಯಮ್ಮ ಕೊನೆಯ ಬೆಂಚಿನ ಪಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಎದುರು ವಕೀಲರು ಕಾಮಾಲೆಗೆ ಸರ್ಟಿಫಿಕೇಟ್ ಎಲ್ಲಿ ಎಂದು ವಾದಿಸಿ ಅಭ್ಯಾಸವಿದ್ದವರು. ಈ ಅಫಿಡವಿಟ್ಟಿಗೆ ಏನು ಕೇಳಬೇಕೋ ಹೊಳೆಯದೆ, “ತವರು ಮನೆ ಅನ್ನೋದು ಕಾಯ್ದೆ ಹೇಳೋ ಸಾಕಷ್ಟು ಕಾರಣ ಅಲ್ಲ ಸ್ವಾಮಿ,” ಎಂದರು.

ನ್ಯಾಯಾಧೀಶರು ಕಾಗದದಿಂದ ತಲೆ ಎತ್ತದೆ ಹೇಳಿದರು: “ಕಾಯ್ದೆಯಲ್ಲಿ ತವರು ಮನೆ ಇಲ್ಲ, ನಿಜ. ಕಾಮಾಲೆಯೂ ಇಲ್ಲ.”

ಇಡೀ ಕೋರ್ಟು ನಕ್ಕಿತು. ನಮ್ಮ ಸಾಹೇಬರು ನಗಲಿಲ್ಲ. ನ್ಯಾಯಾಧೀಶರು ನನ್ನನ್ನು ಮುಂದಕ್ಕೆ ಕರೆಸಿದರು. “ಮೂರ್ನಾಲ್ಕು ದಿನ ಅಲ್ಲಿ ಏನು ಮಾಡಿದಿರಿ?”

“ಮಲಗಿದ್ದೆ ಸ್ವಾಮಿ.”

“ಹುಷಾರಿರಲಿಲ್ಲವೋ?”

ನಮ್ಮ ಕಸುಬಿನವರಿಗೆ ಅದು ತೆರೆದಿಟ್ಟ ಬಾಗಿಲು. ಹೂಂ ಎಂದರೆ ಸಾಕಿತ್ತು. ಹಿಂದೆ ನಿಂತಿದ್ದವಳ ನೆನಪಾಯಿತು. “ಹುಷಾರಾಗಿದ್ದೆ ಸ್ವಾಮಿ. ಸುಸ್ತಾಗಿತ್ತು, ಅಷ್ಟೆ.”

ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಟೈಪಿಸ್ಟಿಗೆ ಹೇಳಿ ಬರೆಸಿದರು: ಗುಮಾಸ್ತೆಯ ತಪ್ಪಿಗೆ ಕಕ್ಷಿದಾರಳನ್ನು ಶಿಕ್ಷಿಸುವುದು ನ್ಯಾಯವಲ್ಲ, ವಿಳಂಬ ಮನ್ನಾ ಮಾಡಿದೆ. ಅಂದೇ ತಡೆಯಾಜ್ಞೆಯೂ ಸಿಕ್ಕಿತು.

ಹೊರಗೆ ಬಂದಾಗ ಕರಿಯಮ್ಮ, “ಏನಂತೆ?” ಎಂದಳು. ಒಪ್ಪಿದರು ಎಂದೆ. “ಯಾವ್ದನ್ನ? ನಿಮ್ಮವ್ವನ ಮನೇನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ನನ್ನ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದಳು.

ಅಪೀಲು ಮುಗಿಯಲು ಇನ್ನೂ ಎರಡು ವರ್ಷ ಹಿಡಿಯಿತು. ರೊಪ್ಪ ಅವಳಿಗೇ ಉಳಿಯಿತು. ಸಾಹೇಬರು ನನ್ನನ್ನು ಮತ್ತೆ ಹೊಸದುರ್ಗಕ್ಕೆ ಕಳಿಸುವಾಗ ಕಡತದಿಂದ ಕಣ್ಣು ತೆಗೆಯದೆ, “ಹೊಳಲ್ಕೆರೆಯಲ್ಲಿ ಇಳಿಯೋದಿದ್ರೆ ಬರುವಾಗ ಇಳೀರಿ,” ಎನ್ನುತ್ತಿದ್ದರು. ತಿಪ್ಪೇಸ್ವಾಮಣ್ಣ ಕಂಪ್ಯೂಟರಿನ ಹತ್ತಿರ ಬಂದು, “ಅದನ್ನ ಅಳಿಸಿಬಿಡು ತಂಗಿ,” ಎಂದಿದ್ದರು. ಅಳಿಸಿದೆ. ಅಂದಿನಿಂದ ತಡವಾಗಿ ಬಂದವರನ್ನೆಲ್ಲ ನಿಜವಾಗಿ ಏನಾಯಿತು ಎಂದು ಕೇಳತೊಡಗಿದೆವು. ಒಬ್ಬ, ಹೆಂಡತಿ ಅಪೀಲು ಬೇಡ ಎಂದು ತೀರ್ಪಿನ ಕಾಪಿಯನ್ನು ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದಳು ಎಂದ. ಇನ್ನೊಬ್ಬ, ಸೋತೆ ಎಂದು ಊರಿಗೆ ಹೇಳಲು ನಾಚಿಕೆಯಾಗಿ ಗೆದ್ದೆ ಎಂದು ಹೇಳಿ ತಿಂಗಳುಗಟ್ಟಲೆ ಓಡಾಡಿದ್ದ. ಎಲ್ಲ ನ್ಯಾಯಾಧೀಶರೂ ಒಂದೇ ಥರ ಇರುವುದಿಲ್ಲ. ನಿಜ ಬರೆದ ಅರ್ಜಿಗಳೂ ಎರಡು ಮೂರು ವಜಾ ಆದವು, ಆಗ ನಮಗೂ ಮನಸ್ಸು ಅಳ್ಳಾಡಿ ಒಂದೆರಡು ಸಲ ಜ್ವರದ ಮೊರೆ ಹೋದೆವು. ಸತ್ಯಹರಿಶ್ಚಂದ್ರನ ವಂಶದವಳು ನಾನು ಎಂದು ನಿಮ್ಮ ಮುಂದೆ ಹೇಳಲಾರೆ.

ಹಾಗೆ ಹೇಳಲಾರೆ ಎನ್ನುವುದಕ್ಕೆ ಪುರಾವೆ ಮೊನ್ನೆಯದೇ ಇದೆ. ಆಸ್ಪತ್ರೆಗೆ ಯಾಕೆ ಹೋಗಿದ್ದೆ ಎಂದು ಇಷ್ಟು ಹೊತ್ತೂ ನಿಮಗೆ ಹೇಳಲಿಲ್ಲ. ಎದೆಯ ಎಡಗಡೆ, ಕಂಕುಳ ಕೆಳಗೆ ಒಂದು ಗಂಟು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಹೋದ ವಾರ ಕಂಡಿತು ಎಂದು ಯಜಮಾನರಿಗೆ ಹೇಳಿದ್ದೆ.

ಒಳಗೆ ಕರೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಾಗದ ನೋಡಿ, “ಯಾವಾಗಿಂದ ಐತಮ್ಮ?” ಎಂದರು. ಹೋದ ವಾರ ಎನ್ನುವ ಮಾತು ಬಾಯಿಗೆ ಬಂದೇಬಿಟ್ಟಿತ್ತು. ಯಜಮಾನರು ನನ್ನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಉತ್ತರಕ್ಕೇ ಕಾಯುತ್ತಿದ್ದರು.

“ಏಳು ತಿಂಗಳಾಯ್ತು,” ಎಂದೆ.

ಯಜಮಾನರು ಮೆಲ್ಲಗೆ ನನ್ನ ಕಡೆ ತಿರುಗಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಮತ್ತೆ ಇಷ್ಟು ದಿನ ಯಾಕೆ ಬರ್ಲಿಲ್ಲ?”

“ಹೆದರಿಕೆ ಆಗಿತ್ತಮ್ಮ. ಬೇರೆ ಏನೂ ಇಲ್ಲ.”

ಅವರು ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ನನ್ನ ಹೆಗಲ ಮೇಲೆ ಕೈಯಿಟ್ಟು, ಪರದೆಯ ಹಿಂದಿನ ಮಂಚ ತೋರಿಸಿದರು.

“ಇವತ್ತು ಬಂದ್ರಲ್ಲ. ಬರ್ರಿ, ನೋಡಾಣ.”